ಹೆಚ್ಚಿನ ಮೂರು ರಾತ್ರಿ

ಪಾಲಾಕ್ಷಪ್ಪನ ಗದ್ದೆಯಲ್ಲಿ ಓಬಳೇಶಪ್ಪನ ಕುರಿ ಮಂದೆ ಎರಡು ರಾತ್ರಿ ನಿಲ್ಲುವುದು ಇಪ್ಪತ್ತೆರಡು ವರ್ಷದ ವಾಡಿಕೆ. ಈ ಬೇಸಿಗೆಯಲ್ಲಿ ಅದು ಐದು ರಾತ್ರಿ ನಿಂತಿತ್ತು. ಈ ಸಂಗತಿ ಓಬಳೇಶಪ್ಪನಿಗೆ ಗೊತ್ತಿತ್ತು, ಅವನ ಮಗ ಮೈಲಾರೇಶನಿಗೆ ಗೊತ್ತಿತ್ತು, ಮುನ್ನೂರ ಎಂಬತ್ತು ಕುರಿಗಳಿಗೂ ಗೊತ್ತಿತ್ತು. ಗದ್ದೆಯ ಯಜಮಾನನಿಗೆ ಮಾತ್ರ ಗೊತ್ತಿರಲಿಲ್ಲ.

ಓಬಳೇಶಪ್ಪ ಗುಡೇಕೋಟೆಯವನು. ಅಲ್ಲಿನ ಗುಡ್ಡಗಳಲ್ಲಿ ಬೇಸಿಗೆ ಬಂತೆಂದರೆ ಕುರಿಯ ಬಾಯಿಗೆ ಕಲ್ಲು ಸಿಗುತ್ತದೆಯೇ ಹೊರತು ಹುಲ್ಲು ಸಿಗುವುದಿಲ್ಲ. ಆಗ ಅವನು ಮಂದೆ ಹೊಡೆದುಕೊಂಡು ಕೂಡ್ಲಿಗಿ, ಕೊಟ್ಟೂರು ದಾಟಿ ಹಡಗಲಿ ತಾಲೂಕಿನ ಹೊಳೆಸಾಲಿಗೆ ಇಳಿಯುತ್ತಾನೆ. ಅಲ್ಲಿ ತುಂಗಭದ್ರೆಯ ನೀರಿದೆ, ಕೊಯ್ದ ಭತ್ತದ ಕೂಳೆ ಇದೆ, ಬದುಗಳ ಮೇಲೆ ಹಸುರಿದೆ. ಹಗಲು ಮೇಯ್ದ ಕುರಿಗಳು ರಾತ್ರಿ ಗದ್ದೆಯಲ್ಲಿ ಮಲಗಿ ಹಿಕ್ಕೆ ಹಾಕಿ ಮಣ್ಣಿಗೆ ಗೊಬ್ಬರ ಕೊಡುತ್ತವೆ. ಪಾಲಾಕ್ಷಪ್ಪನ ಊರಿನಲ್ಲಿ ಹದಿನಾಲ್ಕು ಮನೆಯವರು ರಾತ್ರಿಗಿಷ್ಟೆಂದು ಭತ್ತ ಅಳೆದು ಕೊಟ್ಟು ಹೀಗೆ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಮೊದಲ ಸರದಿ ಪಾಲಾಕ್ಷಪ್ಪನ ಒಂದೂವರೆ ಎಕರೆಯದು. ಅವನ ಹೆಂಡತಿ ಜಂಬಕ್ಕ ಮುಂದಿನ ಟಗರಿನ ಕಾಲಿಗೆ ನೀರು ಹಾಕಿ ಹಣೆಗೆ ಭಂಡಾರ ಹಚ್ಚಿದ ಮೇಲೆಯೇ ಮಂದೆ ಬದು ದಾಟುವುದು. ಆ ಮಂದೆಯ ಕಾಲ್ಗುಣ ಚಲೋದು ಎಂದು ಊರವರು ಹೇಳುತ್ತಿದ್ದರು, ಓಬಳೇಶಪ್ಪ ಅದನ್ನು ಕೇಳಿಯೂ ಕೇಳದವನಂತೆ ಬೀಡಿ ಹಚ್ಚುತ್ತಿದ್ದ.

ಕರೆಯುವುದಕ್ಕೂ ಒಂದು ರೀತಿಯಿತ್ತು. ಸುಗ್ಗಿ ಮುಗಿದ ಮೇಲೆ ಕೊಟ್ಟೂರು ಸಂತೆಯಲ್ಲಿ, ಹಗ್ಗ ಮಾರುವವರ ಸಾಲಿನ ಹತ್ತಿರ, ಪಾಲಾಕ್ಷಪ್ಪ ಇವನ ಕೈಗೆ ವೀಳ್ಯ ಕೊಡಬೇಕು. ವೀಳ್ಯ ಕೊಟ್ಟರೆ ಬರಬೇಕು, ಕೊಡದಿದ್ದರೆ ಬರಬಾರದು. ಪಾಲಾಕ್ಷಪ್ಪ ಕೊಟ್ಟನೆಂದರೆ ಉಳಿದ ಹದಿಮೂರು ಮನೆಯವರೂ ಕೊಟ್ಟಂತೆಯೇ.

ಇನ್ನು ಆ ಹೆಚ್ಚಿನ ಮೂರು ರಾತ್ರಿಯ ಕಥೆ. ಹಿಂದಿನ ವರ್ಷ ಓಬಳೇಶಪ್ಪ ಅದೇ ಗದ್ದೆಯಲ್ಲಿ ಜ್ವರ ಬಂದು ಬಿದ್ದಿದ್ದ. ಪಾಲಾಕ್ಷಪ್ಪ ಅವನನ್ನು ಮನೆಗೆ ಹೊತ್ತು ತಂದು ಪಡಸಾಲೆಯಲ್ಲಿ ಮಲಗಿಸಿದ. ಜಂಬಕ್ಕ ಎಂಟು ದಿನ ಗಂಜಿ ಕಾಸಿ ಕುಡಿಸಿದಳು. ಅಷ್ಟು ದಿನವೂ ಪಾಲಾಕ್ಷಪ್ಪ ಕೋಲು ಹಿಡಿದು ಕುರಿ ಕಾದ. ಕುರಿಗಳು ಅವನ ಮಾತು ಕೇಳಲಿಲ್ಲ ಎನ್ನುವುದು ಬೇರೆ ವಿಷಯ. ಆ ಉಪಕಾರ ಓಬಳೇಶಪ್ಪನ ಎದೆಯಲ್ಲಿ ವರ್ಷವಿಡೀ ಕೂತಿತ್ತು. ಕೊಡೋಣವೆಂದರೆ ಅವನ ಹತ್ತಿರ ಕುರಿ ಹಿಕ್ಕೆ ಬಿಟ್ಟು ಬೇರೇನಿದೆ?

ಈ ಬೇಸಿಗೆ ಮಂದೆ ಇಳಿದ ಮಾರನೆಯ ಬೆಳಿಗ್ಗೆಯೇ ಜಂಬಕ್ಕನಿಗೆ ಹೊಟ್ಟೆನೋವು ಎದ್ದಿತು. ಪಿತ್ತಕೋಶದಲ್ಲಿ ಕಲ್ಲು. ಗಂಡ ಹೆಂಡತಿ ದಾವಣಗೆರೆಯ ಆಸ್ಪತ್ರೆಗೆ ಹೊರಟರು. ಹೋಗುವಾಗ ಪಾಲಾಕ್ಷಪ್ಪ, "ಎರಡು ರಾತ್ರಿ ಮುಗಿಸಿಕೊಂಡು ಮುಂದಿನ ಗದ್ದಿಗೆ ಹೋಗಲೇ, ನಮ್ಮ ಹಾದಿ ಕಾಯಬ್ಯಾಡ" ಎಂದ. ಅವರು ಹಿಂದಿರುಗಿದ್ದು ಎಂಟು ದಿನಕ್ಕೆ. ಗದ್ದೆ ಹೊಳೆಯ ಅಂಚಿಗಿದ್ದುದರಿಂದ ಮಂದೆ ಎಷ್ಟು ರಾತ್ರಿ ಅಲ್ಲಿತ್ತೆಂದು ಎಣಿಸುವವರು ಯಾರೂ ಇರಲಿಲ್ಲ. ಮೂರು ರಾತ್ರಿ ಹೆಚ್ಚಿಗೆ ನಿಲ್ಲಿಸಿದ ಓಬಳೇಶಪ್ಪ ಅದನ್ನು ಗೆಳೆಯನಿಗೆ ಹೇಳಲಿಲ್ಲ. ಹೇಳಿದರೆ ಅವನು ಮೂರು ರಾತ್ರಿಯ ಭತ್ತವನ್ನೂ ಅಳೆದು ಕೊಡುತ್ತಿದ್ದ, ಆಗ ಉಪಕಾರ ತೀರುವುದಾದರೂ ಹೇಗೆ? ಬೆಳೆ ನೋಡಿ ಅವನೇ ಬೆರಗಾಗಲಿ ಎಂದುಕೊಂಡ.

ಬೆರಗೇನೋ ಆಯಿತು. ಸೆಪ್ಟೆಂಬರಿನಲ್ಲಿ ಪಾಲಾಕ್ಷಪ್ಪ ಫೋನು ಮಾಡಿ, "ಗದ್ದಿ ಕರ್ರಗ ಬಂದೈತಲೇ, ಊರ ಮಂದಿ ನಿಂತು ನೋಡ್ತಾರ" ಎಂದಿದ್ದ. ಅಕ್ಟೋಬರಿನಲ್ಲಿ ಮತ್ತೆ ಫೋನು ಬಂತು. ಎಂದೂ "ಏನಲೇ" ಎಂದು ಶುರು ಮಾಡುವವನು ಆ ದಿನ ಪೂರ್ತಿ ಹೆಸರು ಹಿಡಿದು ಕರೆದ.

"ಓಬಳೇಶಪ್ಪ, ಗದ್ದಿಗೆ ಬೆಂಕಿ ರೋಗ ಬಿದ್ದೈತಿ. ಸೋಮಶೇಖರನ ಗದ್ದಿಗೂ ಹತ್ತಾಕತ್ತೈತಿ. ಕುರಿ ಕಾಲಾಗ ಬಂದೈತಿ ಅಂತಾರ ಊರಾಗ. ಒಮ್ಮಿ ಬಂದು ನೋಡಿ ಹೋಗು."

"ನೀ ಏನಂತಿ?"

"ನನಗ ತಿಳಿವಲ್ದು. ಮೊದ್ಲ ಹೆಜ್ಜಿ ಬಿದ್ದಿದ್ದು ನನ್ನ ಗದ್ದ್ಯಾಗ, ರೋಗ ಬಿದ್ದಿದ್ದೂ ಮೊದ್ಲು ನನ್ನ ಗದ್ದ್ಯಾಗ."

ಮಂದೆಯನ್ನು ಮೈಲಾರೇಶನಿಗೆ ಒಪ್ಪಿಸಿ ಓಬಳೇಶಪ್ಪ ಮರುದಿನ ಮೂರು ಬಸ್ಸು ಬದಲಿಸಿ ಹೊರಟ. ಕಾಲ್ಗುಣ ಕೆಟ್ಟಿತೆಂದು ಒಂದು ಮಾತು ಎದ್ದರೆ ಸಾಕು, ಮುಂದಿನ ಬೇಸಿಗೆಗೆ ಹೊಳೆಸಾಲಿನ ಬಾಗಿಲು ಮುಚ್ಚಿದಂತೆ. ಮುನ್ನೂರ ಎಂಬತ್ತು ಬಾಯಿಗಳನ್ನು ಆಮೇಲೆ ಎಲ್ಲಿಗೆ ಒಯ್ಯುವುದು? ಕಿಟಕಿಯ ಪಕ್ಕ ಕೂತು ಅವನು ಇದನ್ನೇ ಮತ್ತೆ ಮತ್ತೆ ಯೋಚಿಸಿದ. ಆ ಮೂರು ರಾತ್ರಿಯ ಯೋಚನೆ ಮಾತ್ರ ಇನ್ನೂ ಅವನ ತಲೆಗೆ ಬಂದಿರಲಿಲ್ಲ.

ಅವನು ಗದ್ದೆ ತಲುಪಿದಾಗ ಬದುವಿನ ಮೇಲೆ ಮೂವರಿದ್ದರು. ಪಾಲಾಕ್ಷಪ್ಪ, ಪಕ್ಕದ ಗದ್ದೆಯ ಸೋಮಶೇಖರ್, ಇನ್ನೊಬ್ಬಳು ಕ್ರಾಂತಿ. ಕ್ರಾಂತಿ ಅದೇ ಊರಿನ ಮಾಳಮ್ಮನ ಮಗಳು. ತಾಯಿ ಈ ಗದ್ದೆಗಳಲ್ಲೇ ನಾಟಿ ಹಚ್ಚಿ ಮಗಳನ್ನು ಓದಿಸಿದ್ದಳು. ಮಗಳು ಈಗ ರೈತ ಸಂಪರ್ಕ ಕೇಂದ್ರದಲ್ಲಿ ಕೆಲಸಕ್ಕಿದ್ದು ಸ್ಕೂಟಿಯ ಮೇಲೆ ಗದ್ದೆಗಳನ್ನು ನೋಡುತ್ತ ತಿರುಗುತ್ತಾಳೆ. ಅವಳನ್ನು ಮೊದಲೆಲ್ಲ "ಏ ಹುಡುಗಿ" ಎನ್ನುತ್ತಿದ್ದ ಪಾಲಾಕ್ಷಪ್ಪ, ಈಗ ಮೇಡಂ ಎನ್ನಲು ನಾಲಿಗೆ ಹೊರಳದೆ "ನೋಡವ್ವ" ಎಂಬಲ್ಲಿಗೆ ರಾಜಿ ಮಾಡಿಕೊಂಡಿದ್ದ. ಅವನ ಕಾಲ ಹತ್ತಿರ ಒಂದು ಯೂರಿಯಾ ಚೀಲವಿತ್ತು. ಅಂಗಡಿಯಿಂದ ತಂದ ಔಷಧಿ ಬಾಟಲಿಯೊಂದು ಅಂಗಿಯ ಜೇಬಿನಿಂದ ಇಣುಕುತ್ತಿತ್ತು.

ಓಬಳೇಶಪ್ಪ ಗದ್ದೆಗಿಳಿದು ಒಂದು ಎಲೆ ಹಿಡಿದು ನೋಡಿದ. ಉಣ್ಣೆ ನೂಲುವ ಕದಿರಿನ ಆಕಾರದ ಮಚ್ಚೆಗಳು, ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ, ಅಂಚು ಕಂದು. ಕೆಲವು ಎಲೆಗಳಲ್ಲಿ ಮಚ್ಚೆಗಳು ಒಂದಕ್ಕೊಂದು ಕೂಡಿ ಎಲೆಯೇ ಸುಟ್ಟಂತೆ ಒಣಗಿತ್ತು. ಎರಡು ಅಂಗಳದಷ್ಟು ಜಾಗ ದೂರದಿಂದಲೇ ಕೆಂಪಗೆ ಕಾಣುತ್ತಿತ್ತು. ಉಳಿದದ್ದು ಕಪ್ಪು ಹಸುರು, ಕೈಗೆ ಮೆತ್ತಗೆ.

ಕ್ರಾಂತಿ ಪುಸ್ತಕ ಹಿಡಿದು ಕೇಳುತ್ತಿದ್ದಳು. "ಗೊಬ್ಬರ ಏನೇನು ಕೊಟ್ಟೀರ್ರಿ?"

"ಮೊದ್ಲು ಕುರಿ ನಿಲ್ಲಿಸಿದ್ದು. ನಾಟಿ ಆದ ಮ್ಯಾಲ ಯೂರಿಯಾ ಎರಡು ಸಲ. ಮೂರನೇದು ಇವತ್ತು ಹಾಕಬೇಕು ಅಂತ ತಂದೀನಿ ನೋಡವ್ವ" ಎಂದ ಪಾಲಾಕ್ಷಪ್ಪ.

"ಕುರಿ ಎಷ್ಟು ರಾತ್ರಿ?"

"ಯಾವಾಗ್ಲೂ ಎರಡ."

ಅವಳು ಬರೆದುಕೊಂಡಳು. ಬರೆದದ್ದನ್ನು ನೋಡಿ ಹುಬ್ಬು ಗಂಟಿಕ್ಕಿದಳು. "ಸೋಮಶೇಖರ್ ಅವರದೂ ಸೋನಾ ಭತ್ತಾನ. ಅವರ ಗದ್ದ್ಯಾಗೂ ಕುರಿ ಎರಡು ರಾತ್ರಿ ನಿಂತಾವ, ಯೂರಿಯಾನೂ ಅಷ್ಟ ಹಾಕ್ಯಾರ. ಅಲ್ಲಿ ಎಲ್ಲೋ ಒಂದೊಂದು ಮಚ್ಚಿ ಐತಿ. ಇಲ್ಲಿ ಯಾಕ ಇಷ್ಟು ಅಂತ ತಿಳಿವಲ್ದು ನನಗ."

"ತಿಳಿಯೋದೇನೈತಿ? ಮೊದ್ಲು ಕಾಲಿಟ್ಟಿದ್ದು ಇಲ್ಲೇ ಅಲ್ಲ" ಎಂದ ಸೋಮಶೇಖರ್, ಓಬಳೇಶಪ್ಪನ ಮುಖ ನೋಡದೆ. "ಎಲ್ಲೆಲ್ಲಿ ತಿರುಗಿ ಬಂದಿರ್ತಾವೋ ಏನೋ ಅವು. ಮುಂದಿನ ವರ್ಷ ನಾನಂತೂ ಟ್ರ್ಯಾಕ್ಟರ್‌ನಾಗ ತಿಪ್ಪಿ ಗೊಬ್ಬರ ಹೊಡಸ್ತೀನಿ."

"ಕುರಿ ಕಾಲಿಗೆ ಈ ರೋಗ ಅಂಟಿಕೊಂಡು ಬರಂಗಿಲ್ರಿ. ಇದು ಬೂಷ್ಟು, ಗಾಳ್ಯಾಗ ಬರ್ತೈತಿ. ಬೀಜದಾಗೂ ಬಂದಿರಬಹುದು" ಎಂದಳು ಕ್ರಾಂತಿ. ಆದರೆ ಅವಳ ದನಿಯಲ್ಲಿ ಗಟ್ಟಿತನವಿರಲಿಲ್ಲ, ಲೆಕ್ಕ ಕೂಡಿ ಬರದಿದ್ದಾಗ ಇರುವ ಅನುಮಾನವಿತ್ತು. "ತೆನಿ ಹೊಡಿ ಕಟ್ಟಾಕ ಇನ್ನ ಹದಿನೈದು ದಿನ ಐತಿ. ತೆನಿ ಕುತ್ತಿಗಿಗೆ ರೋಗ ಬಂತು ಅಂದ್ರ ಏನೂ ಮಾಡಾಕ ಬರಂಗಿಲ್ಲ, ಎಲ್ಲಾ ಜೊಳ್ಳು. ಗೊಬ್ಬರ ಇಷ್ಟ ಬಿದ್ದಿದ್ರ, ಯೂರಿಯಾ ಅರ್ಧಕ್ಕ ಇಳಿಸಿ ಹಾಕ್ರಿ, ನೋಡೋಣ."

ಪಾಲಾಕ್ಷಪ್ಪ ಬಾಗಿ ಚೀಲದ ಬಾಯಿಯ ದಾರಕ್ಕೆ ಕೈ ಹಾಕಿದ.

ಆಗ ಓಬಳೇಶಪ್ಪನಿಗೆ ಹೊಳೆಯಿತು. ಮಳೆಗಾಲದ ಮೊದಲ ಹಸಿ ಹುಲ್ಲು ತಿಂದ ಕುರಿ ಒಂದು ದಿನ ಮಿಂಚುತ್ತದೆ, ಮರುದಿನ ಹೊಟ್ಟೆ ಉಬ್ಬಿ ಬೀಳುತ್ತದೆ. ಅವನು ಅಂಥ ಕುರಿಗಳನ್ನು ಎಷ್ಟೋ ನೋಡಿದ್ದ. ಈ ಗದ್ದೆಗೆ ಆಗಿದ್ದೂ ಅದೇ. ಅವನು ಐದು ರಾತ್ರಿ ಉಣಿಸಿದ್ದ, ಅದು ಗೊತ್ತಿಲ್ಲದ ಪಾಲಾಕ್ಷಪ್ಪ ಅದರ ಮೇಲೆ ಎರಡು ಸಲ ಉಣಿಸಿದ್ದ, ಈಗ ಮೂರನೆಯ ತುತ್ತು ಬಾಯಿಯ ಹತ್ತಿರ ಬಂದಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬೀಜದ ತಪ್ಪೆಂದು ಹುಡುಗಿ ಬರೆದುಕೊಂಡು ಹೋಗುತ್ತಾಳೆ, ಮಂದೆಯ ಹೆಸರು ನಾಲ್ಕು ದಿನದಲ್ಲಿ ತೊಳೆದು ಹೋದರೂ ಹೋಗಬಹುದು. ಬಾಯಿಬಿಟ್ಟರೆ ಮಾತ್ರ ಕುರಿಯಿಂದಲೇ ಕೆಟ್ಟಿತೆಂದು ಕುರಿಯವನೇ ಒಪ್ಪಿಕೊಂಡಂತೆ, ಅದೂ ಸೋಮಶೇಖರನ ಎದುರಿಗೆ. ಓಬಳೇಶಪ್ಪ ಹೆದರಿದ್ದು ನಿಜ. ಆದರೆ ಗಂಜಿ ಕುಡಿದ ಮನೆಯ ಗದ್ದೆಗೆ ಇವನ ಕಣ್ಣೆದುರೇ ಯೂರಿಯಾ ಬೀಳುವುದರಲ್ಲಿತ್ತು.

"ಐದು" ಎಂದ. ಮೂವರೂ ತಿರುಗಿದರು. "ಕುರಿ ಐದು ರಾತ್ರಿ ನಿಂತಿದ್ವು. ನೀವು ದಾವಣಗೆರಿಗೆ ಹೋದಾಗ. ನಾನ ನಿಲ್ಲಿಸಿದ್ದೆ."

ದಾರ ಎಳೆಯುತ್ತಿದ್ದ ಪಾಲಾಕ್ಷಪ್ಪನ ಕೈ ನಿಂತಿತು.

"ನೋಡ್ರಿ ಮತ್ತ, ಅವನ ಬಾಯಿಂದಾನ ಬಂತಲ್ಲ" ಎಂದ ಸೋಮಶೇಖರ್.

"ತಡೀರಿ" ಎಂದಳು ಕ್ರಾಂತಿ. ಈ ಸಲ ದನಿ ಗಟ್ಟಿಯಾಗಿತ್ತು. "ಈಗ ಕೂಡಿ ಬಂತು. ಕುರಿದು ತಪ್ಪಲ್ಲ. ಐದು ರಾತ್ರಿ ನಿಂತ ಗದ್ದಿಗೆ ಯೂರಿಯಾನ ಬೇಕಾಗಿರಲಿಲ್ಲ. ಅದು ಗೊತ್ತಿಲ್ದ ಎರಡು ಸಲ ಹಾಕ್ಯಾರ. ಸೊಕ್ಕಿ ಬೆಳೆದ ಎಲಿ ಮೆತ್ತಗಾಗ್ತೈತಿ, ಬೂಷ್ಟು ಒಳಗ ಹೋಗಾಕ ಸರಳ. ಇವತ್ತ ಮೂರನೇದು ಬಿದ್ದಿದ್ರ ಕುತ್ತಿಗಿಗೆ ಬರ್ತಿತ್ತು. ಅವರು ಹೇಳಿದ್ದಕ್ಕ ಗದ್ದಿ ಉಳೀತು ಅನ್ರಿ."

ಪಾಲಾಕ್ಷಪ್ಪ ಓಬಳೇಶಪ್ಪನನ್ನೇ ನೋಡುತ್ತಿದ್ದ. "ನನ್ನ ಒಂದು ಮಾತು ಕೇಳಬಾರದಿತ್ತೇನು?"

"ಕೇಳಿದ್ರ ಭತ್ತ ಕೊಡ್ತೀನಿ ಅಂತಿದ್ದಿ."

"ಅಂತಿದ್ದೆ" ಎಂದ ಪಾಲಾಕ್ಷಪ್ಪ. ಆಮೇಲೆ ಯೂರಿಯಾ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹಿಂದಿರುಗಿ ನೋಡದೆ ಮನೆಯ ಕಡೆ ನಡೆದುಬಿಟ್ಟ.

ಓಬಳೇಶಪ್ಪ ಊರಿಗೆ ಮರಳಲಿಲ್ಲ. ಮುಂದೇನು ಮಾಡಬೇಕೆಂದು ಕ್ರಾಂತಿಯನ್ನೇ ಕೇಳಿದ. ಗದ್ದೆ ಒಣಗಲು ಬಿಡದೆ ತೆಳ್ಳಗೆ ನೀರು ನಿಲ್ಲಿಸಬೇಕು ಎಂದಳು. ಬದುವಿನ ಹುಲ್ಲಿನಲ್ಲೂ ಇದೇ ಬೂಷ್ಟು ಅಡಗಿರುತ್ತದೆ, ಅದನ್ನು ಬುಡಸಮೇತ ಕೀಳಬೇಕು. ಸ್ಯೂಡೊಮೊನಾಸ್ ಎಂಬ ಪುಡಿಯನ್ನು ಒಂದು ಲೀಟರಿಗೆ ಹತ್ತು ಗ್ರಾಮಿನಂತೆ ಕಲಸಿ, ಬಿಸಿಲು ಇಳಿದ ಮೇಲೆ ಹೊಡೆಯಬೇಕು, ಹತ್ತು ದಿನ ಬಿಟ್ಟು ಮತ್ತೊಮ್ಮೆ.

"ಅವನ ಜೇಬಿನಾಗಿನ ಬಾಟ್ಲಿ?" ಎಂದು ಓಬಳೇಶಪ್ಪ ಕೇಳಿದ.

"ಅದು ವಿಷ. ಹೊಡದ್ರ ಬೂಷ್ಟು ಸಾಯ್ತೈತಿ, ಖರೆ. ಆದ್ರ ಈ ಕಾಲುವಿ ನೀರು ನಮ್ಮವ್ವನೋರ ಓಣಿಗೆ ಹೋಗ್ತೈತಿ, ಈ ಹುಲ್ಲು ಜಂಬಕ್ಕನೋರ ಎಮ್ಮಿ ತಿಂತೈತಿ. ಈ ಪುಡಿ ಹಂಗಲ್ರಿ. ಇದರಾಗ ಜೀವ ಇರೋ ಸೂಕ್ಷ್ಮಾಣು ಅದಾವ, ಅವು ಎಲಿ ಮ್ಯಾಲ ಕುಂತು ಬೂಷ್ಟನ್ನ ಬೆಳ್ಯಾಕ ಬಿಡಂಗಿಲ್ಲ. ಜೀವ ಇರೋವು ಅಂತಾನ ಬಿಸಿಲಾಗ ಹೊಡೀಬಾರದು."

ರಾತ್ರಿಯೆಲ್ಲ ಹೊಲದಲ್ಲಿದ್ದು ಜೀವಗಳನ್ನು ಕಾಯುವ ಕೆಲಸ ಓಬಳೇಶಪ್ಪನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಣ್ಣಿಗೆ ಕಾಣದ ಮಂದೆ ಎಂದುಕೊಂಡ, ಅಷ್ಟೇ.

ಮೂರು ದಿನ ಕುಡುಗೋಲು ಹಿಡಿದು ಕೂತು ನಾಲ್ಕೂ ಬದುಗಳ ಹುಲ್ಲನ್ನು ಕಿತ್ತ. ಕೇಳದೆಯೇ ಸೋಮಶೇಖರನ ಕಡೆಯ ಬದುವನ್ನೂ ಬಿಡಲಿಲ್ಲ. ಮೂರನೆಯ ಸಂಜೆ ಪಾಲಾಕ್ಷಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದು ನಿಂತ. ಇವನು ಬಕೆಟ್ಟಿನಲ್ಲಿ ಬಿಳಿ ಪುಡಿ ಕಲಸಿ, ಬಟ್ಟೆಯಲ್ಲಿ ಸೋಸಿ ಪಂಪಿಗೆ ಸುರಿದ. ಅಷ್ಟೂ ಹೊತ್ತು ಇಬ್ಬರ ನಡುವೆ ಒಂದು ಮಾತಿಲ್ಲ. ಇಪ್ಪತ್ತೆರಡು ವರ್ಷ ಬೈದಾಡಿಕೊಂಡು ಇದ್ದವರಿಗೆ ಈ ಮೌನ ಬೈಗುಳಕ್ಕಿಂತ ಕಷ್ಟವಾಯಿತು.

ಊಟಕ್ಕೆ ಜಂಬಕ್ಕ ಎಂದಿನಂತೆ ರೊಟ್ಟಿ ಬಡಿದು ಹಾಕಿದಳು. ನಾಲ್ಕನೆಯ ದಿನ ಹೊರಟಾಗ ಬುತ್ತಿಯ ಗಂಟು ಕೈಗಿಟ್ಟು, "ಎಂಟು ದಿನದ ಗಂಜಿಗೆ ನೀ ಹಿಂಗ ಉಪಕಾರ ತೀರಿಸ್ತಿ ಅಂತ ಗೊತ್ತಿದ್ರ, ಉಪ್ಪನಾರ ಕಡಿಮಿ ಹಾಕ್ತಿದ್ದೆ ನೋಡಣ್ಣ" ಎಂದಳು. ನಗಿಸಲೆಂದೇ ಅಂದ ಮಾತು. ಓಬಳೇಶಪ್ಪನಿಗೆ ನಗು ಬರಲಿಲ್ಲ, ಕಣ್ಣು ಒದ್ದೆಯಾಯಿತು. ಪಾಲಾಕ್ಷಪ್ಪ ಹೊರಗೆ ಬರಲಿಲ್ಲ.

ನವೆಂಬರಿನಲ್ಲಿ ಕ್ರಾಂತಿಯೇ ಫೋನು ಮಾಡಿ ಸುದ್ದಿ ಕೊಟ್ಟಳು. ಹೊಸ ಎಲೆಗಳಿಗೆ ಮಚ್ಚೆ ಏರಲಿಲ್ಲ, ತೆನೆಯ ಕುತ್ತಿಗೆ ಶುದ್ಧವಾಗಿದೆ. ಕೆಂಪಾಗಿದ್ದ ಜಾಗ ಹೋಯಿತು, ಉಳಿದದ್ದು ಕೈ ಹತ್ತುತ್ತದೆ. ಸೋಮಶೇಖರನೂ ಅದೇ ಪುಡಿ ಹೊಡೆದಿದ್ದಾನೆ, ಹೊಡೆದೆನೆಂದು ಯಾರಿಗೂ ಹೇಳುವುದಿಲ್ಲ. ಓಬಳೇಶಪ್ಪನ ಎದೆ ಅರ್ಧ ಹಗುರಾಯಿತು.

ಇನ್ನರ್ಧ ಹಗುರಾಗಲು ಕೊಟ್ಟೂರು ಸಂತೆಯಾಗಬೇಕಿತ್ತು. ಸುಗ್ಗಿ ಮುಗಿದ ಮೇಲೆ ಅವನು ಹಗ್ಗದ ಸಾಲಿನ ಹತ್ತಿರ ಹೋಗಿ ನಿಂತ. ಸಂತೆ ಕರಗುವವರೆಗೂ ನಿಂತ. ಪಾಲಾಕ್ಷಪ್ಪ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಹಗ್ಗ ಮಾರುವವನು, "ವಾರಾ ವಾರಾ ನೋಡಿ ಹೋಗ್ತಿಯಲ್ಲ, ಒಂದು ಹಗ್ಗನಾರ ತಗೋ ಯಜಮಾನ" ಎಂದ. ಒಂದು ತೆಗೆದುಕೊಂಡ.

ಹರಪನಹಳ್ಳಿ ಕಡೆ, ನೀಲಗುಂದದ ಸುತ್ತ ವಿಚಾರಿಸಿ ಬಂದ. ಅಲ್ಲಿಯವರಿಗೆ ಅವರವರ ಮಂದೆಗಳಿದ್ದವು. ಮೈಲಾರೇಶ ಅರ್ಧ ಕುರಿ ಮಾರಿಬಿಡೋಣ ಎಂದ. ಮಗನ ಮಾತಿನಲ್ಲಿ ತಪ್ಪೇನಿರಲಿಲ್ಲ. ಯಾವ ಅರ್ಧ ಎಂದು ಓಬಳೇಶಪ್ಪ ದಿನವೂ ಮಂದೆಯನ್ನು ನೋಡುತ್ತಿದ್ದ, ದಿನವೂ ನಾಳೆ ಆರಿಸೋಣ ಎಂದುಕೊಳ್ಳುತ್ತಿದ್ದ.

ಮಾರ್ಚಿನ ಒಂದು ಮಧ್ಯಾಹ್ನ ಗುಡೇಕೋಟೆಯ ಅವನ ಮನೆಯ ಮುಂದೆ ಪಾಲಾಕ್ಷಪ್ಪ ಬಂದು ನಿಂತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಮೂರು ಬಸ್ಸಿನ ಧೂಳು ಮೈಮೇಲಿತ್ತು.

"ನೀರು ಕೊಡಲೇ ಮೊದ್ಲು" ಎಂದ. ಕುಡಿದು ಕಟ್ಟೆಯ ಮೇಲೆ ಕೂತ. "ಸಂತಿಗೆ ಬರಾಕ ಆಗಲಿಲ್ಲ. ಬರೇ ವೀಳ್ಯ ಹಿಡಕೊಂಡು ಬಂದು ಏನು ಮಾಡ್ಲಿ? ಹದಿಮೂರು ಮನಿಗೂ ಹೋಗಿ ಕುಂತು, ಕಾಲ್ಗುಣ ಅಲ್ಲ, ನಾನೂ ಅವನೂ ಮಾತಾಡದಿದ್ದದ್ದು ತಪ್ಪು ಅಂತ ತಿಳಿಸಿ ಹೇಳಬೇಕಾತು. ಒಬ್ಬೊಬ್ಬರ ಮನ್ಯಾಗ ಮೂರು ಸಲ ಚಾ ಕುಡದೀನಿ. ಮಾಳಮ್ಮನ ಮಗಳೂ ಬಂದು ಹೇಳ್ಯಾಳ. ಹನ್ನೆರಡು ಮನ್ಯಾರು ಒಪ್ಯಾರ. ಸೋಮಶೇಖರ ಇನ್ನೊಂದು ವರ್ಷ ನೋಡ್ತೀನಿ ಅಂದಾನ."

"ಸಿಟ್ಟು ಇಳೀತೇನು?"

"ಎಲ್ಲಿ ಇಳೀತು?" ಎನ್ನುತ್ತ ಪಾಲಾಕ್ಷಪ್ಪ ಜೇಬಿನಿಂದ ವೀಳ್ಯ ತೆಗೆದ. ಎಲೆ ದಾರಿಯಲ್ಲೇ ಬಾಡಿತ್ತು. "ಎರಡು ರಾತ್ರಿ. ಎರಡೂ ರಾತ್ರಿ ನಾನೂ ಗದ್ದ್ಯಾಗ ಮಲಗಾಂವ. ಕುರಿ ನಿಂತ ಗದ್ದಿಗೆ ಯೂರಿಯಾ ಎಷ್ಟು ಅಂತ ಆ ಹುಡುಗಿ ಹೇಳ್ತಾಳ, ಅಷ್ಟ."

ಓಬಳೇಶಪ್ಪ ಎರಡೂ ಕೈ ಒಡ್ಡಿ ಆ ಬಾಡಿದ ಎಲೆಯನ್ನು ತೆಗೆದುಕೊಂಡ.

ಮೇ ತಿಂಗಳಲ್ಲಿ ಮಂದೆ ಹೊಳೆಸಾಲಿಗೆ ಇಳಿಯಿತು. ಜಂಬಕ್ಕ ಟಗರಿನ ಕಾಲಿಗೆ ನೀರು ಹಾಕಿ ಭಂಡಾರ ಹಚ್ಚಿದಳು. ಪಾಲಾಕ್ಷಪ್ಪ ಮಾತಿನಂತೆ ಕಂಬಳಿ ತಂದು ಎರಡು ರಾತ್ರಿಯೂ ಗದ್ದೆಯಲ್ಲಿ ಮಲಗಿದ. ಮೂರನೆಯ ದಿನ ಬೆಳಗಾಗುತ್ತಲೇ ತಾನೇ ಎದ್ದು ಕುರಿಗಳ ಸುತ್ತ ಕಟ್ಟಿದ್ದ ಬಲೆ ಬಿಚ್ಚಿ, ಟಗರಿನ ಬೆನ್ನಿಗೆ ಒಂದು ಏಟು ಹಾಕಿ ಮಂದೆಯನ್ನು ಮುಂದಿನ ಗದ್ದೆಯ ಕಡೆ ತಿರುಗಿಸಿದ. ಈ ಸಲ ಕುರಿಗಳು ಅವನ ಮಾತು ಕೇಳಿದವು. ಮೈಲಾರೇಶ ಹಿಂದೆ ನಡೆದ. ಓಬಳೇಶಪ್ಪನೂ ಕಂಬಳಿ ಹೆಗಲಿಗೇರಿಸಿ ಮಗನ ಹಿಂದೆ ಹೊರಟ.

"ನೀ ಎಲ್ಲಿಗಲೇ?" ಎಂದ ಪಾಲಾಕ್ಷಪ್ಪ.

"ಕುರಿ ಹಿಂದ."

"ಮಗ ಅದಾನಲ್ಲ ಕುರಿ ಹಿಂದ." ಪಾಲಾಕ್ಷಪ್ಪ ಅವನ ಹೆಗಲಿನಿಂದ ಕಂಬಳಿಯನ್ನು ಎಳೆದು ತನ್ನ ಹೆಗಲಿಗೆ ಹಾಕಿಕೊಂಡ. "ಕುರಿ ಎರಡು ರಾತ್ರಿ. ನೀ ಐದು ರಾತ್ರಿ. ನಡಿ ಮನಿಗೆ."

ಓಬಳೇಶಪ್ಪ ಗೆಳೆಯನ ಹಿಂದೆ ಬದುವಿನ ಮೇಲೆ ನಡೆದ. ಮನೆಯಲ್ಲಿ ಜಂಬಕ್ಕ ಪಡಸಾಲೆಯ ಆ ಹಳೆಯ ಜಾಗದಲ್ಲೇ ಚಾಪೆ ಹಾಸಿ, ಗಂಜಿಯ ಗಂಗಾಳ ಇಟ್ಟಿದ್ದಳು.

"ಕುಂದ್ರಣ್ಣ" ಎಂದಳು. "ಉಪ್ಪು ಸರಿಯಾಗಿ ಹಾಕೀನಿ."